ಪಿಟೀಲಿಗೆ ಹಚ್ಚಿದ ಟಿಕಳಿ

ಹಾರ್ಮೋನಿಯಂ ಬಾರಿಸುವವರಿಗೆ ಇರುವಷ್ಟು ಸೊಕ್ಕನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಗಾಳಿ ಹಾಕಿ ಪಟ್ಟಿ ಒತ್ತಿದರೆ ಸ್ವರ ಬರುತ್ತದೆ. ಮೇಲಿನಿಂದ ಹಲ್ಲಿ ಬಿದ್ದರೂ ಬರುತ್ತದೆ. ಅದರಲ್ಲಿ ದೊಡ್ಡಸ್ತಿಕೆ ಏನು?

ಶಹಾಪುರದ ನಮ್ಮ ಓಣಿಯ ಈಶ್ವರ ಗುಡಿಯಲ್ಲಿ ಸೋಮವಾರ ಹೆಣ್ಣುಮಕ್ಕಳ ಭಜನೆ. ಹಾರ್ಮೋನಿಯಂ ಹಿಡಿಯುವವರು ಕಿರಾಣಿ ಅಂಗಡಿ ಮನೆಯ ಅಕ್ಕ. ಮೊದಲು ನಾನು ಅವರ ಮಗ್ಗುಲಲ್ಲೇ ಕೂತು ಹಾಡುತ್ತಿದ್ದೆ. ಗಂಟಲಿನ ಆಪರೇಷನ್ ಆದ ಮೇಲೆ ಮಾತು ಉಳಿಯಿತು, ಹಾಡು ಹೋಯಿತು. ಮಾತಾದರೂ ಉಳಿಯಿತಲ್ಲ, ಶಿವ ದೊಡ್ಡವ. ಆದರೆ ಅಕ್ಕ ಪ್ರಸಾದದ ತಾಟನ್ನು ನನ್ನ ಕೈಗೆ ಕೊಟ್ಟು ಬಾಗಿಲ ಹತ್ತಿರ ಕೂರಿಸಿದರು. ಎರಡು ವರ್ಷ ಸಕ್ಕರೆ ಪುಠಾಣಿ ಹಂಚಿದೆ. ಹಾಡುವವರಿಗಿಂತ ಮೊದಲು ಇರುವೆಗಳು ನನ್ನನ್ನು ಗುರುತಿಸುತ್ತಿದ್ದವು.

ಮಗಳು ಮೂರು ತಿಂಗಳು ಕಲಿತು ಬಿಟ್ಟಿದ್ದ ಪಿಟೀಲು ಅಟ್ಟದ ಮೇಲಿತ್ತು. ಗಂಟಲು ಹೋದರೇನು, ಬೆರಳಿವೆಯಲ್ಲ ಎಂದು ಕೆಳಗಿಳಿಸಿದೆ. ಶನಿವಾರಕ್ಕೊಮ್ಮೆ ಬಸ್ಸು ಹತ್ತಿ ಸುರಪುರದ ಮುದಿ ಮಾಸ್ತರರ ಮನೆಗೆ ಹೋದೆ. ಮೊದಲ ದಿನವೇ ಅವರು ಹೇಳಿದರು:

“ತಾಯಿ, ಇದ್ರಾಗ ವೀಣಿ ಹಂಗ ಮನಿ ಇಲ್ಲ, ಹಾರ್ಮೋನಿಯಂ ಹಂಗ ಪಟ್ಟಿ ಇಲ್ಲ. ಬೆರಳ ಎಲ್ಲಿ ಇಡಬೇಕಂತ ಕಿವಿ ಹೇಳ್ತದ. ಮೂರನೇ ಬೆರಳಿಗಿ ಸಾ ಸರಿ ಬಿತ್ತಂದ್ರ ಖಾಲಿ ಬಿಟ್ಟ ದಪ್ಪ ತಂತಿ ತಾನೇ ಓ ಅಂತದ. ಕೇಳಸ್ಗೊ.”

ನನಗೆ ಯಾವ ತಂತಿಯೂ ಓ ಅನ್ನಲಿಲ್ಲ. ಕೂದಲೆಳೆಯಷ್ಟು ಬೆರಳು ಸರಿದರೆ ಬೆಕ್ಕಿನ ಬಾಲ ತುಳಿದ ಹಾಗೆ ಚೀರುತ್ತಿತ್ತು. ಆಗ ನನ್ನ ಜಾಣತನ ನೋಡಿ: ಒಂದು ಶನಿವಾರ ಮಾಸ್ತರರು ನನ್ನ ಬೆರಳು ಹಿಡಿದು ಜಾಗ ತೋರಿಸಿದ್ದನ್ನು ನೆನಪಿಟ್ಟುಕೊಂಡು, ಮನೆಗೆ ಬಂದು ಅಲ್ಲಲ್ಲಿ ಹಣೆಗೆ ಅಂಟಿಸುವ ಟಿಕಳಿ ಅಂಟಿಸಿದೆ. ಮೊದಲ ಬೆರಳಿಗೆ ಕೆಂಪು, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಕುಂಕುಮದ ಬಣ್ಣದ್ದು. ಒಂದು ತಂತಿಯ ಮೇಲೆ ಅವೇ ರಿ, ಗ, ಮ. ಮಗ್ಗುಲ ತಂತಿಯ ಮೇಲೆ ಅವೇ ದ, ನಿ, ಸಾ. ಸಂಗೀತ ಶಾಸ್ತ್ರವನ್ನೇ ಗೆದ್ದೆ ಎಂದುಕೊಂಡೆ.

ಮಾಸ್ತರರು ನೋಡಿ ನಕ್ಕರು. “ಹಣಿಮ್ಯಾಲ ಇರೋದು ಇಲ್ಲಿ ಯಾಕವ್ವ? ಇರಲಿ, ಬೆವರು ಹತ್ತಿದ್ರ ತಾನೇ ಜಾರ್ತದ.”

ಆಷಾಢ ಮುಗಿಯುವ ಹೊತ್ತಿಗೆ ಅಕ್ಕನಿಗೆ ಸುದ್ದಿ ಮುಟ್ಟಿತ್ತು.

“ಏನ ತಂಗಿ, ಪಿಟೀಲ ಕಲ್ಯಾಕತ್ತೀಯಂತ? ಗುರುವಾರ ನಿಮ್ಮ ಮನಿಗಿ ಬರ್ತೀನಿ. ಒಂದ ಹಾಡ ಪೂರಾ ಬಾರ್ಸು. ಚೊಲೋ ಬಂತಂದ್ರ ಶ್ರಾವಣ ಸೋಮವಾರ ನನ್ನ ಮಗ್ಗಲಾಗ ಕೂಡು. ಕೆಟ್ಟಿತಂದ್ರ ಅದು ಅಟ್ಟದ ಮ್ಯಾಲ, ನೀ ಬಾಗಿಲಾಗ.”

ಗುರುವಾರ ಬಂದರು. ಬಿಸಿಲಲ್ಲಿ ನಡೆದು ಬಂದವರು ನಲ್ಲಿಯ ಹತ್ತಿರ ಮುಖ ತೊಳೆದರು. ನಾನು ಚಹಾ ಇಡಲು ಒಳಗೆ ಹೋದೆ. ಪಿಟೀಲು ಪಡಸಾಲೆಯ ಮಂಚದ ಮೇಲಿತ್ತು. ಹೊರಗಿನಿಂದ ನಮ್ಮತ್ತೆಯ ದನಿ ಕೇಳಿಸಿತು:

“ಅಯ್ಯ ನನ್ನವ್ವ, ಬರೇ ಹಣಿಲೆ ಕುಂತೀಯಲ್ಲ! ಟಿಕಳಿ ಎಲ್ಲಿ?”

“ಮುಖ ತೊಳಿವಾಗ ಹೋತ ನೋಡ್ರಿ ಅಮ್ಮಾರ.”

“ಮುತ್ತೈದಿ ನಮ್ಮ ಮನ್ಯಾಗ ಹಿಂಗ ಕೂಡಬಾರ್ದು. ಕುಂಕುಮ ತರಲೇನ?”

“ಬ್ಯಾಡ್ರಿ, ಕುಂಕುಮ ಹಚ್ಚಿದ್ರ ನನಗ ಹಣಿ ತಿಂಡಿ ಬಿಟ್ಟು ಕೆರಕೋಬೇಕಾಗ್ತದ.”

“ಹಂಗಾದ್ರ ತಡಿ, ಇಲ್ಲೇ ಅದ.”

ಚಹಾ ತಂದು ನೋಡುತ್ತೇನೆ, ಪಿಟೀಲಿನ ಮೂರನೇ ಟಿಕಳಿ ಅಕ್ಕನ ಹಣೆಯ ಮೇಲಿದೆ! ಅಂಚಿಗೆ ಪಿಟೀಲಿನ ಕಮಾನಿಗೆ ತಿಕ್ಕುವ ರಾಳದ ಬಿಳಿ ಪುಡಿ ಬೇರೆ.

“ಅತ್ತಿ, ಅದು ನಂದು ಮಾ!” ಎಂದೆ.

“ಯಾರ ಮಾ? ಮನ್ಯಾಗ ಟಿಕಳಿ ಚೀಟಿ ಖಾಲಿ ಆಗ್ಯಾದ. ಕಟ್ಟಿಗಿ ಹಣಿಗಿ ಯಾತಕ್ಕ ಬೇಕು?” ಎಂದರು ಅತ್ತೆ.

ಮುತ್ತೈದೆಯ ಹಣೆಯಿಂದ ಕಿತ್ತು ತೆಗೆಯಲು ಬರುತ್ತದೆಯೇ? ಅಕ್ಕ ಬಸಿಯಲ್ಲಿ ಚಹಾ ಸುರುವಿಕೊಂಡು, “ಹೂಂ, ಶುರು ಮಾಡು” ಎಂದರು. ಶಿವನ ಮೇಲೆ ಭಾರ ಹಾಕಿ ಕಮಾನು ಎಳೆದೆ.

ಕೆಂಪು, ಹಸಿರು ನೋಡಿಕೊಂಡು ಬೆರಳಿಟ್ಟೆ. ಮೂರನೆಯದಕ್ಕೆ ನೋಡಲು ಏನೂ ಇರಲಿಲ್ಲ. ಬರಿ ಕರಿ ಕಟ್ಟಿಗೆ. ಬೆರಳನ್ನು ಮೆಲ್ಲಗೆ ಸರಿಸುತ್ತ ಕಿವಿಗೊಟ್ಟೆ. ಇನ್ನಷ್ಟು, ಇನ್ನೊಂದಿಷ್ಟು ಎನ್ನುವಾಗ, ನಾನು ಮುಟ್ಟದೇ ಇದ್ದ ದಪ್ಪ ತಂತಿ ನಡುಗಿ ಓ ಅಂದಿತು. ಗಲ್ಲದ ಎಲುಬಿನವರೆಗೆ ಬಂದಿತು ಆ ದನಿ. ಇಷ್ಟು ದಿನ ನಾನು ಟಿಕಳಿ ನೋಡುತ್ತಿದ್ದೆ, ಕೇಳಿರಲೇ ಇಲ್ಲ. ಆಮೇಲೆ ಮೂರನೇ ಬೆರಳು ಬಂದಾಗಲೆಲ್ಲ ಹಾಗೇ ಹುಡುಕಿದೆ, ಸಿಕ್ಕಿತು. ಉಳಿದ ಎರಡು ಟಿಕಳಿ ಮಾತ್ರ ಬೆವರಿಗೆ ಯಾವಾಗಲೋ ಜಾರಿದ್ದವು. ನಾನು ಕುರಿಯ ಹಾಗೆ ಅವುಗಳ ಹಿಂದೆ ಹೋಗಿದ್ದೆ.

ಹಾಡು ಮುಗಿಯಿತು. ಅಕ್ಕ ಬಸಿ ಕೆಳಗಿಟ್ಟರು.

“ಸಾ, ಮಾ ಎರಡೂ ಚೊಲೋ ಬಂದ್ವು. ಸುಳ್ಳ ಯಾಕ ಹೇಳ್ಲಿ? ಉಳದವು ಸಂತ್ಯಾಗ ತಪ್ಪಿಸ್ಕೊಂಡ ಕೂಸಿನಂಗ ಅತ್ತವು.”

“ಬಾಗಿಲಾಗೇ ಕೂಡಬೇಕೇನ್ರಿ ಹಂಗಾದ್ರ?”

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, “ಬಾ. ಮಗ್ಗಲಾಗೇ ಕೂಡು. ಸಾ ಅಷ್ಟ ಹಿಡಿ. ಬ್ಯಾರೆದಕ್ಕ ಬೆರಳ ಹಚ್ಚಿದಿ, ಕಮಾನ ಕಸಗೋತೀನಿ” ಎಂದರು.

ಏಳು ಸ್ವರದಲ್ಲಿ ಒಂದು. ಭಿಕ್ಷೆಯಾದರೂ ಇದಕ್ಕಿಂತ ಹೆಚ್ಚು ಹಾಕುತ್ತಾರೆ. ಆದರೂ ಆ ರಾತ್ರಿ ದೇವರಿಗೆ ಇನ್ನೊಂದು ಊದಿನಕಡ್ಡಿ ಹಚ್ಚಿದೆ. ಉಳಿದ ಎರಡು ಟಿಕಳಿಗಳನ್ನು ಉಗುರಿನಿಂದ ಕೆರೆದು ತೆಗೆದು, ಅಂಟನ್ನು ಒಣ ಅರಿವೆಯಿಂದ ಒರೆಸಿದೆ.

ಸೋಮವಾರ ಪ್ರಸಾದದ ತಾಟು ಬೇರೆಯವರ ಕೈಗೆ ಹೋಯಿತು. ನಾನು ಅಕ್ಕನ ಮಗ್ಗುಲಲ್ಲಿ ಕೂತು ಭಜನೆಯುದ್ದಕ್ಕೂ ಸಾ ಹಿಡಿದೆ. ಅವರು ಕತ್ತು ಕೊಂಕಿಸಿ, ಇಡೀ ಗುಡಿಯನ್ನು ತಾವೇ ಕಟ್ಟಿಸಿದ ಹಾಗೆ ಹಾರ್ಮೋನಿಯಂ ಒತ್ತುತ್ತಿದ್ದರು. ಹಣೆಯ ಮೇಲೆ ಅದೇ ಟಿಕಳಿ, ಬಿಳಿ ಪುಡಿ ಸಹಿತ, ಎಡ ಹುಬ್ಬಿನ ಕಡೆ ಜಾರಿತ್ತು. ನೆಟ್ಟಗೆ ಮಾಡಬಹುದಿತ್ತು. ನನ್ನ ಎರಡೂ ಕೈಗೆ ಕೆಲಸವಿತ್ತು.