ತಿರುಗಿಸಲು ಹೆದರಿದ ನಾಣ್ಯ

ಬೀದಿ ಇನ್ನೂ ಪೂರ್ತಿ ಎದ್ದಿಲ್ಲ. ಹಳೇ ನಾಣ್ಯದಂಗಡಿಯ ಅರ್ಧ ಎತ್ತಿದ ಶಟರಿನಡಿ ಬಗ್ಗಿ, ಲೇಖನ ಬರೆಯಲೆಂದು ಬಂದ ನಾನು ಒಳಗೆ ಹೋಗುವಷ್ಟರಲ್ಲಿ ಭೂತಗನ್ನಡಿ ಅಕ್ಕ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಕೂತಾಗಿದೆ. ಆ ಹೆಸರು ಗಿರಾಕಿಗಳು ಇಟ್ಟಿದ್ದು. ಬಲಗಣ್ಣಿಗೆ ಸಿಕ್ಕಿಸಿಕೊಂಡ ಮಸೂರ, ಪಕ್ಕದಲ್ಲಿ ಕತ್ತು ಬಗ್ಗಿಸಿದ ದೀಪ, ಎದುರಿಗೆ ಮರದ ತುಂಡಿನ ಗುಳಿಯಲ್ಲಿ ಒಂದು ನಾಣ್ಯ. ಬಸ್ಸುಗಳ ಓಡಾಟ ಶುರುವಾದರೆ ಮೇಜು ನಡುಗುತ್ತದೆಂದೇ ಅವರು ಇಷ್ಟು ಬೇಗ ಬರುವುದು. ಇವತ್ತು ಮೇಜು ಸುಮ್ಮನಿದ್ದರೂ ಅಕ್ಕ ಅದೇ ನಾಣ್ಯವನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ.

ಟಂಕಸಾಲೆಯಲ್ಲಿ ತಪ್ಪಾಗಿ ಹುಟ್ಟಿದ ನಾಣ್ಯಗಳಿಗೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಅಕ್ಷರ, ಅಂಕಿ ಎರಡೆರಡಾಗಿ ಮೂಡಿದ್ದರಂತೂ ಕೇಳುವುದೇ ಬೇಡ. ಆದರೆ ಎರಡಾಗಿ ಕಂಡದ್ದೆಲ್ಲ ಬೆಲೆಬಾಳುವುದಿಲ್ಲ. ಯಾವುದು ಯಾವ ಬಗೆ ಎಂದು ಹೇಳುವುದೇ ಅಕ್ಕನ ಕೆಲಸ.

"ನಾಣ್ಯ ಒತ್ತೋ ಅಚ್ಚು ಮಾಡುವಾಗ್ಲೇ ಎರಡು ಸಲ ಒತ್ತು ಬಿದ್ದು, ಎರಡನೇದು ಒಂಚೂರು ಸರಿದಿದ್ರೆ ಅದು ನಿಜವಾದ್ದು. ಎರಡು ಗೆರೆನೂ ದುಂಡಗಿರುತ್ತೆ, ಅಕ್ಷರದ ಮೂಲೇಲಿ ಸೀಳು ಕಾಣುತ್ತೆ. ಆ ಅಚ್ಚಿಂದ ಬಂದ ನಾಣ್ಯಕ್ಕೆಲ್ಲ ಅದೇ ಗುರುತು. ನಾಣ್ಯ ಒತ್ತುವಾಗ ಅಚ್ಚು ಸಡಿಲವಾಗಿ ಅಲುಗಾಡಿದ್ರೆ ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನ ಹಾಗಾಗುತ್ತೆ. ಅದನ್ನ ಯಾರೂ ಮೂಸಿ ನೋಡಲ್ಲ. ಅಚ್ಚು ಸವೆದಿದ್ರೆ ಅಕ್ಷರ ಊದಿಕೊಳ್ಳುತ್ತೆ, ಅದೂ ದಂಡ."

ಅಕ್ಕನ ಅಪ್ಪ ಪಕ್ಕದ ಮಳಿಗೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರ ಮಸೂರವೇ ಇದು. ರಿಪೇರಿಗೆ ಗಡಿಯಾರ ಬರುವುದು ನಿಂತಾಗ ನಾಣ್ಯದಂಗಡಿಯ ಯಜಮಾನರು ಮಗಳನ್ನು ಕರೆದು ಕೂರಿಸಿದರು. ಈಗ ದಿನಕ್ಕೆ ನೂರರ ಆಸುಪಾಸು ನಾಣ್ಯ ಅಕ್ಕನ ಗುಳಿಗೆ ಬಿದ್ದೇಳುತ್ತವೆ. ಎಡಗಣ್ಣು ಚಿಕ್ಕಂದಿನಿಂದ ಮಂದ, ದುಡಿಯುವುದೆಲ್ಲ ಬಲಗಣ್ಣೇ.

ಮಹಡಿಯ ಮನೆಯಲ್ಲಿ ಬಟ್ಟೆ ಹೊಲಿಯುವ ತಂಗಿ ಚಹಾ ತರುತ್ತಾರೆ. "ಅಕ್ಕನ ಬಗ್ಗೆ ಬರೀತೀರಾ? ಬರೀರಿ. ನೋಡೋಕೆ ಬಂದ ಗಂಡುಗಳಲ್ಲೆಲ್ಲ ಹುಳುಕು ಹಿಡಿದು, ಕೊನೆಗೆ ನನ್ನ ತಲೆ ಮೇಲೆ ಬಂದು ಕೂತಳು ಅಂತಾನೂ ಬರೀರಿ!" ಅಕ್ಕ ನಗುವುದಿಲ್ಲ. ತಂಗಿಯ ಹೆಜ್ಜೆ ಸಪ್ಪಳ ಮೆಟ್ಟಿಲೇರಿ ಮರೆಯಾಗುವವರೆಗೆ ಕಾಯುತ್ತಾರೆ.

"ಅವಳಿಗೆ ಹೇಳಿಲ್ಲ. ಈಚೆಗೆ ನನಗೆ ಎಲ್ಲಾ ನಾಣ್ಯನೂ ನಿಜವಾದ್ದಾಗೇ ಕಾಣ್ತಿದೆ."

ಅದರಲ್ಲಿ ಹೆದರುವಂಥದ್ದೇನು ಎಂದು ನಾನು ಪೆದ್ದುಪೆದ್ದಾಗಿ ಕೇಳುತ್ತೇನೆ. ಅಕ್ಕ ಸ್ವರ ತಗ್ಗಿಸುತ್ತಾರೆ. "ಎಲ್ಲದರಲ್ಲೂ ಎರಡನೇ ಗೆರೆ ಬಲಗಡೆಗೇ ಇದೆ. ಬೇರೆ ಬೇರೆ ಅಚ್ಚುಗಳೆಲ್ಲ ಒಂದೇ ಕಡೆಗೆ ತಪ್ಪು ಮಾಡ್ತಾವಾ?"

ಗುಳಿಯಲ್ಲಿ ನಾಣ್ಯವನ್ನು ಯಾವಾಗಲೂ ನೆಟ್ಟಗೇ ಇಡಬೇಕು, ತಿರುಗಿಸುವುದಿದ್ದರೆ ದೀಪ ತಿರುಗಿಸಬೇಕು. ಇದು ಅಕ್ಕನೇ ಹಾಕಿಕೊಂಡ ಶಿಸ್ತು. ಅದರಿಂದಲೇ ದೋಷ ಯಾವುದರದೆಂದು ಇಷ್ಟು ದಿನ ಬಯಲಾಗಿರಲಿಲ್ಲ. ನಾಣ್ಯವನ್ನು ತಲೆಕೆಳಗು ಮಾಡಿದಾಗ ಆ ಗೆರೆ ಎಡಕ್ಕೆ ಹೋದರೆ ತಪ್ಪು ನಾಣ್ಯದ್ದು. ಬಲಕ್ಕೇ ಉಳಿದರೆ ಕಣ್ಣಿನದ್ದು.

"ತಿರುಗಿಸಿ ನೋಡಿದ್ರಾ?"

"ಇಲ್ಲ. ನೋಡಿದ್ರೆ ಗೊತ್ತಾಗಿಬಿಡುತ್ತಲ್ಲ."

ಅಷ್ಟರಲ್ಲಿ ಯಜಮಾನರು ಒಂದು ಪೊಟ್ಟಣ ಹಿಡಿದು ಬರುತ್ತಾರೆ. ಅಕ್ಕ ಈ ವಾರ ನಿಜವೆಂದು ಆರಿಸಿಟ್ಟ ನಾಣ್ಯಗಳು ಅವು, ಇವತ್ತೇ ದೂರದ ಗಿರಾಕಿಗೆ ಹೊರಡಬೇಕು. "ಅಂಟಿಸಿಬಿಡ್ಲಾ ಅಕ್ಕಾ? ಕೊರಿಯರ್‌ನವನು ಇವತ್ತು ಬೇಗ್ನೇ ಬಂದಿದಾನೆ."

ಹೂಂ ಅಂದುಬಿಟ್ಟರೆ ಇವತ್ತಿನ ಮಟ್ಟಿಗೆ ಬಚಾವು. "ತಡೀರಿ. ಅದರಲ್ಲಿ ಒಂದು ಕೊಡಿ," ಎಂದು ಅಕ್ಕ ಕೈ ಚಾಚುತ್ತಾರೆ.

ನಾಣ್ಯವನ್ನು ಗುಳಿಯಲ್ಲಿಟ್ಟು ನೋಡುತ್ತಾರೆ. ಬೆರಳ ತುದಿಯಿಂದ ಮೆಲ್ಲಗೆ ತಲೆಕೆಳಗು ಮಾಡಿ ಮತ್ತೆ ನೋಡುತ್ತಾರೆ. ನೆರಳಿರಬಹುದೆಂಬ ಕೊನೆಯ ಆಸೆಯಿಂದ ದೀಪವನ್ನು ಆಚೆ ಬದಿಗೆ ಸರಿಸುತ್ತಾರೆ. ಆಮೇಲೆ ಮಸೂರ ತೆಗೆದು ಮೇಜಿನ ಮೇಲಿಡುತ್ತಾರೆ. ಇಷ್ಟು ಹೆದರಿದ ಮುಖವನ್ನು ನಾನು ಹತ್ತಿರದಿಂದ ನೋಡಿದ್ದಿಲ್ಲ.

"ಗೆರೆ ಬಲಕ್ಕೇ ಇದೆ. ಇದು ನನ್ನ ಕಣ್ಣಿನ ದೋಷ. ಪೊಟ್ಟಣ ಕಳಿಸ್ಬೇಡಿ, ಎಲ್ಲಾ ಇನ್ನೊಮ್ಮೆ ನೋಡಿಸಿ. ನನ್ನ ಕೈಲಲ್ಲ, ಬೇರೆಯವರ ಕೈಲಿ."

ಯಜಮಾನರು ಪೊಟ್ಟಣವನ್ನು ಮೇಜಿನ ಮೇಲಿಡುತ್ತಾರೆ. "ಮತ್ತೆ ನೀವು?"

"ಡಾಕ್ಟರಿಗೆ ತೋರಿಸ್ಬೇಕು. ಸರಿಹೋಗದಿದ್ರೆ ಏನು ಮಾಡೋದೋ ಗೊತ್ತಿಲ್ಲ. ಮೊದಲು ತಂಗಿಗೆ ಹೇಳ್ಬೇಕು."

ಹೊರಗೆ ಮೊದಲ ಬಸ್ಸು ಹಾದು ಮೇಜು ಅದುರುತ್ತದೆ. ನಾನು ಪೆನ್ನು ಮುಚ್ಚಿ, ಇದನ್ನೆಲ್ಲ ಬರೆಯುವುದಿಲ್ಲ ಅಕ್ಕಾ ಎನ್ನುತ್ತೇನೆ. ಅವರಿಗೆ ರೇಗುತ್ತದೆ.

"ಯಾಕೆ ಬರೆಯಲ್ಲ? ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ತಪ್ಪುಗಳಲ್ಲಿ ಇದೇ ಕಷ್ಟದ್ದು. ಹಿಡಿದಿದ್ದು ನಾನೇ ಅಂತ ಬರ್ಕೊಳ್ಳಿ."