ಅರ್ಧ ಲೋಟದ ಅಣ್ಣ

ಕುಡಿತ ಬಿಡಲು ಹೊರಟ ನಮ್ಮಂಥವರ ವಾರದ ಸಭೆಯಲ್ಲಿ ಟೀ ಹಂಚುವ ಅಣ್ಣ ಹಿಂದೆ ಬಸ್ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟರೂ ಆ ಗಂಟಲು ಬಿಟ್ಟಿಲ್ಲ. ವಿಳಾಸ ಹುಡುಕಿಕೊಂಡು ಬಂದ ಹೊಸಬ ಒಳಗೆ ಬರಲು ಹೆದರಿ ಕೆಳಗಿನ ಔಷಧಿ ಅಂಗಡಿಯ ಬೋರ್ಡನ್ನೇ ಓದುತ್ತ ನಿಂತಿದ್ದರೆ, "ಮೀಟಿಂಗ್ ತಾನೇ? ಹತ್ತಿ, ಹತ್ತಿ! ಚಪ್ಪಲಿ ಕೆಳಗೇ ಬಿಡಿ, ಸುಳ್ಳೂ ಅಲ್ಲೇ ಬಿಡಿ!" ಎಂದು ಮಹಡಿಯಿಂದ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಯಾರಾದರೂ ತಮ್ಮ ಕಥೆಯನ್ನು ತೀರಾ ಎಳೆದರೆ "ರೈಟ್, ಮುಂದೆ ಹೋಗೋಣ!" ಎನ್ನುತ್ತಾರೆ. ಇಷ್ಟು ಧಾರಾಳ ಬಾಯಿಯ ಮನುಷ್ಯ ಟೀ ವಿಷಯದಲ್ಲಿ ಮಾತ್ರ ಮಹಾ ಜಿಪುಣ. ಪಾತ್ರೆಯಲ್ಲಿ ಎಷ್ಟೇ ಮಿಕ್ಕಿರಲಿ, ಎಲ್ಲರಿಗೂ ಅರ್ಧ ಲೋಟವೇ. "ನಾವೆಲ್ಲ ಅರ್ಧ ಟಿಕೆಟ್ಟಾ ಅಣ್ಣಾ?" ಎಂದು ನಾನು ರೇಗಿದರೆ, "ಇಷ್ಟು ವರ್ಷ ಫುಲ್ ಹಾಕಿದ್ದು ಸಾಲಲಿಲ್ವೇನೋ?" ಎಂದು ಬಾಯಿ ಮುಚ್ಚಿಸುತ್ತಾರೆ. ಮೊನ್ನೆ ಬಂದ ಹೊಸಬನ ಕೈ ಎಷ್ಟು ನಡುಗುತ್ತಿತ್ತೆಂದರೆ ಲೋಟ ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು. ಆದರೂ ಒಂದು ತೊಟ್ಟು ಟೀ ಚೆಲ್ಲಲಿಲ್ಲ. ನನಗೆ ಆಗ ಹೊಳೆಯಿತು. ಲೋಟ ತೊಳೆಯುವಾಗ, "ಅವನಿಗೆ ಅರ್ಧ ಸರಿ, ನಮಗ್ಯಾಕಣ್ಣಾ?" ಎಂದೆ. ಅಣ್ಣ ಮೊದಲ ಸಲ ದನಿ ತಗ್ಗಿಸಿದರು: "ಅವನೊಬ್ಬನಿಗೇ ಅರ್ಧ ಕೊಟ್ರೆ ಎಲ್ರೂ ಅವನ ಕೈನೇ ನೋಡಲ್ವೇನೋ?"