ಹೆಬ್ಬೆರಳಿಡುವ ಜಾಗ

ಗಂಗಾವತಿಯಲ್ಲಿ ಅಂದಪ್ಪ ಡಾಕ್ಟರ ಎಲುಬಿನ ಆಸ್ಪತ್ರೆಗೆ ಒಮ್ಮೆ ಹೋಗಿ ಬಂದವರಿಗೆ ಶಹನಾಜಬೇಗಂ ಗೊತ್ತಿರಲೇಬೇಕು. ಭತ್ತದ ಚೀಲ ಮೈಮೇಲೆ ಬಿದ್ದು ಕಾಲು ಮುರಿದುಕೊಂಡ ಹಮಾಲರು, ಕಾಲುವೆ ದಂಡೆಯಲ್ಲಿ ಬೈಕಿನಿಂದ ಜಾರಿದವರು, ಬಚ್ಚಲಲ್ಲಿ ಬಿದ್ದ ಅಜ್ಜಿಯರು, ಎಲ್ಲರೂ ಡಾಕ್ಟರಿಗೆ ತೋರಿಸಿಕೊಂಡ ಮೇಲೆ ಒಳಗಿನ ಪ್ಲಾಸ್ಟರ್ ಕೋಣೆಗೆ ಬಂದು ಆಕೆಯ ಮೇಜಿನ ಮೇಲೆ ಮಲಗಬೇಕು. "ಅಲುಗ್ಯಾಡಬ್ಯಾಡ್ರಿ ಅಣ್ಣಾರ, ಎರಡ ಮಿನಿಟು" ಎನ್ನುತ್ತಾ ಆಕೆ ಪಟ್ಟಿಯನ್ನು ಬಕೆಟ್ಟಿನ ನೀರಿಗೆ ಬಿಡುತ್ತಾಳೆ. ಗುಳ್ಳೆ ಏಳುವುದು ನಿಂತ ಕೂಡಲೇ ಎತ್ತಿ, ಎರಡೂ ತುದಿಯಿಂದ ಮೆಲ್ಲಗೆ ಹಿಂಡಿ, ಸುತ್ತಲು ಶುರುಮಾಡುತ್ತಾಳೆ. ಮಾತು ಮುಗಿಯುವಷ್ಟರಲ್ಲಿ ಕೈ ಕೆಲಸವೂ ಮುಗಿದಿರುತ್ತದೆ.

ಈ ಕೈ ಆಕೆಗೆ ತಂದೆಯಿಂದ ಬಂದದ್ದು ಎಂದು ಮನೆಯವರು ಹೇಳುತ್ತಾರೆ. ಅಮೀನಸಾಬ ಗಂಗಾವತಿಯ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಬಿಸಿ ಪಾತ್ರೆಯೊಳಗೆ ತವರ ಓಡಾಡುವಾಗ ಅರಿವೆಯಿಂದ ಎಲ್ಲಿ ಎಷ್ಟು ಒತ್ತಬೇಕು ಎಂದು ಕಣ್ಣು ಮುಚ್ಚಿ ಹೇಳಬಲ್ಲವರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಹತ್ತೊಂಬತ್ತರ ವಯಸ್ಸಿನಲ್ಲಿ ಆಸ್ಪತ್ರೆಗೆ ಆಯಾ ಆಗಿ ಸೇರಿದಳು. ನೆಲ ಒರೆಸುತ್ತಾ, ಬಕೆಟ್ ತುಂಬಿಸುತ್ತಾ ಪ್ಲಾಸ್ಟರ್ ಕೆಲಸವನ್ನು ನೋಡಿದಳು. ಹಳೆಯ ಪ್ಲಾಸ್ಟರ್ ಮಾಸ್ತರ ಕೆಲಸ ಬಿಟ್ಟ ದಿನ ಅಂದಪ್ಪ ಡಾಕ್ಟರು ಬೇರೆಯವರನ್ನು ಹುಡುಕಲಿಲ್ಲ. "ಶಹನಾಜ, ಇವತ್ತಿಂದ ನೀನ ಹಾಕು" ಎಂದರು. ಆಗ ಆಕೆಗೆ ಇಪ್ಪತ್ತನಾಲ್ಕು ವರ್ಷ. ಮುಂದೆ ಒಂದು ವರ್ಷದ ತರಬೇತಿ ಮುಗಿಸಿ ತಂತ್ರಜ್ಞೆಯ ಸರ್ಟಿಫಿಕೇಟನ್ನೂ ಪಡೆದಳು. ಈಗ ನಲವತ್ತೇಳು.

ಆಕೆಯ ಬದುಕು ಹೊರಳಿದ್ದು ಏಳು ವರ್ಷದ ಹಿಂದಿನ ಒಂದು ಭಾನುವಾರ, ಕೊಪ್ಪಳದಲ್ಲಿ.

ಎಲುಬಿನ ಡಾಕ್ಟರುಗಳು ಆಗಾಗ ಒಂದೆಡೆ ಸೇರಿ ಹೊಸ ಚಿಕಿತ್ಸೆಗಳ ಬಗ್ಗೆ ಪಾಠ ಕೇಳುವುದುಂಟು. ಓದು ಮುಗಿಸಿ ಎಷ್ಟೇ ವರ್ಷವಾಗಿದ್ದರೂ ಇಂತಿಷ್ಟು ತಾಸು ಕಲಿತ ಲೆಕ್ಕ ತೋರಿಸದೆ ನೋಂದಣಿ ಮುಂದುವರಿಯುವುದಿಲ್ಲ. ಹಲವರು ಸಹಿ ಮಾಡಿ, ಊಟ ಮಾಡಿ ಎದ್ದುಬರುತ್ತಾರೆ. ಅಂದಪ್ಪ ಡಾಕ್ಟರು ಹಾಗಲ್ಲ, ಮೊದಲ ಸಾಲಿನಲ್ಲಿ ಕೂತು ಬರೆದುಕೊಳ್ಳುವವರು. ಆ ಸಲದ ವಿಷಯ ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡ ಮಕ್ಕಳ ಪಾದವನ್ನು ಆಪರೇಶನ್ ಇಲ್ಲದೆ ಬರೀ ಪ್ಲಾಸ್ಟರಿನಿಂದ ನೇರ ಮಾಡುವುದು. ಅವರು ಶಹನಾಜಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವನು ತಡೆದ. "ಸರ್, ಇದು ಡಾಕ್ಟರಿಗಷ್ಟ ಐತ್ರಿ."

"ಗೊತ್ತೈತಪಾ. ಆದ್ರ ಪ್ಲಾಸ್ಟರ್ ಹಾಕಾಕಿ ಈಕಿ. ನಾ ಕಲತ್ರ ನನ್ನ ತಲಿಯೊಳಗ ಉಳೀತೈತಿ. ಈಕಿ ಕಲತ್ರ ಮಕ್ಕಳ ಕಾಲಿಗೆ ಮುಟ್ಟತೈತಿ. ಬರಕೋ ಹೆಸರು."

ಆತ ಬರೆದುಕೊಂಡ. ಶಹನಾಜ ಕೊನೆಯ ಸಾಲಿನಲ್ಲಿ ಕೂತಳು. ಬೆಳಗಿನ ಭಾಷಣವೆಲ್ಲ ಇಂಗ್ಲಿಷಿನಲ್ಲಿ. ಅರ್ಧ ತಿಳಿಯಿತು, ಅರ್ಧ ತಲೆಯ ಮೇಲೆ ಹಾರಿಹೋಯಿತು. ಚಹಾ ಆದ ಮೇಲೆ ಮೇಜುಗಳ ಮೇಲೆ ರಬ್ಬರಿನ ಪುಟ್ಟ ಪಾದಗಳನ್ನು ಇಟ್ಟರು. ಕಲಿಸಲು ಬಂದಿದ್ದವರು ಬೆಳಗಾವಿಯ ಮಕ್ಕಳ ಎಲುಬಿನ ತಜ್ಞೆ ಡಾಕ್ಟರ್ ನಾಹೀದಾ. ಅವರು ಒಂದು ಪಾದವನ್ನು ಎತ್ತಿಕೊಂಡು, ಕಣಕಾಲಿನ ಹೊರಗಡೆಯ ಗಂಟಿಗಿಂತ ತುಸು ಮುಂದೆ ಹೆಬ್ಬೆರಳಿಟ್ಟು, ಇನ್ನೊಂದು ಕೈಯಿಂದ ಪಾದವನ್ನು ನಿಧಾನ ಹೊರಕ್ಕೆ ತಿರುಗಿಸಿದರು. ಹಿಮ್ಮಡಿಯನ್ನು ಅವರು ಮುಟ್ಟಲೇ ಇಲ್ಲ. ಆದರೂ ಹಿಮ್ಮಡಿ ತಾನಾಗಿಯೇ ಸರಿಯಾಗಿ ತಿರುಗಿತು.

ಶಹನಾಜ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆಕೆ ಇಷ್ಟು ವರ್ಷ ಹೆಬ್ಬೆರಳು ಇಡುತ್ತಿದ್ದದ್ದು ಆ ಜಾಗದಲ್ಲಿ ಅಲ್ಲ, ಇನ್ನೂ ಎರಡು ಬೆರಳು ಮುಂದೆ, ಪಾದದ ಹೊರ ಅಂಚಿನ ನಟ್ಟನಡುವೆ. ಮಾತಾಡಬಾರದು ಎಂದುಕೊಂಡವಳು ಎದ್ದು ನಿಂತೇಬಿಟ್ಟಳು.

"ಮೇಡಂ, ನಾವು ಇಲ್ಲಿ ಒತ್ತತೀವ್ರಿ. ತಪ್ಪೇನ್ರಿ?"

ಹಾಲಿನಲ್ಲಿದ್ದ ಡಾಕ್ಟರುಗಳೆಲ್ಲ ಹಿಂತಿರುಗಿ ನೋಡಿದರು. ನಾಹೀದಾ ಮೇಡಂ ಆಕೆಯನ್ನು ಮುಂದೆ ಕರೆದು ರಬ್ಬರಿನ ಪಾದವನ್ನು ಕೈಗಿತ್ತರು. "ಒತ್ತಿ ತೋರಸ್ರಿ. ಹೂಂ. ಇಲ್ಲಿ ಒತ್ತಿದ್ರ ಹಿಮ್ಮಡಿ ಎಲುಬಿಗೆ ತಿರಗಾಕ ಜಾಗಾನ ಸಿಗೂದಿಲ್ಲ. ಬಾಗಲಕ್ಕ ಅಡ್ಡ ಕಾಲ ಕೊಟ್ಟು ಬಾಗಲಾ ತಗಿ ಅಂದ್ಹಂಗ ಅದು." ಆಮೇಲೆ ಸಭೆಯ ಕಡೆ ತಿರುಗಿ ಕೇಳಿದರು. "ಇವರೊಬ್ಬರ ಕೇಳಿದ್ರು. ಇಲ್ಲೇ ಒತ್ತೋರು ಇನ್ನೂ ಎಷ್ಟ ಮಂದಿ ಅದೀರಿ? ನಾಚಿಕಿ ಬ್ಯಾಡ, ಕೈ ಎತ್ರಿ."

ಮೊದಲು ಎದ್ದ ಕೈ ಅಂದಪ್ಪ ಡಾಕ್ಟರದು. ಅದರ ಹಿಂದೆ ಒಂದೊಂದಾಗಿ ಹನ್ನೆರಡು ಕೈ ಎದ್ದವು.

ಆ ಸಂಜೆ ಶಹನಾಜ ಮನೆಗೆ ಹೋಗಲಿಲ್ಲ. ನೇರ ತಂಗಿ ಗುಲ್ಶನಳ ಮನೆಗೆ ಹೋದಳು. ಗುಲ್ಶನಳ ಮಗ ಮಾಜೀದನಿಗೆ ಆಗ ಹನ್ನೆರಡು ವರ್ಷ. ಅವನೂ ತಿರುಚಿದ ಬಲಗಾಲಿನಿಂದಲೇ ಹುಟ್ಟಿದವನು. ಎಂಟು ತಿಂಗಳು ಪ್ಲಾಸ್ಟರ್ ಹಾಕಿದವಳು ಸ್ವಂತ ದೊಡ್ಡಮ್ಮನೇ. ಪಾದ ಅರ್ಧ ಸರಿಹೋಗಿ ಅಲ್ಲಿಗೇ ನಿಂತಿತ್ತು. ದೂರದ ಊರಿಗೆ ಒಯ್ದು ದೊಡ್ಡ ಆಪರೇಶನ್ ಮಾಡಿಸಿದ್ದರು. ಹುಡುಗ ನಡೆಯುತ್ತಿದ್ದ, ಆದರೆ ಪಾದ ಹಲಗೆಯಂತೆ ಬಿಗಿದಿತ್ತು. ಕುಕ್ಕರಗಾಲಿನಲ್ಲಿ ಕೂರಲು ಬರುತ್ತಿರಲಿಲ್ಲ, ಒಂದು ಫರ್ಲಾಂಗು ಓಡಿದರೆ ನೋವು.

ಶಹನಾಜ ತಂಗಿಯ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನನ್ನ ಬಟ್ಟು ತಪ್ಪ ಜಾಗದಾಗ ಇತ್ತವ್ವ."

ಗುಲ್ಶನ ಒಳಗಿನ ಕೋಣೆಯ ಕಡೆ ನೋಡಿದಳು. ಒಳಗೆ ಮಾಜೀದ ಗಟ್ಟಿಯಾಗಿ ಪಾಠ ಓದುತ್ತಿದ್ದ. ಗುಲ್ಶನ ಅಂದಳು. "ಆವಾಗ ಗೊತ್ತಿದ್ದರ ಬಿಡತಿದ್ದೇನ ನೀ? ಯಾರಿಗೂ ಗೊತ್ತಿದ್ದಿಲ್ಲ. ಇವತ್ತ ನಿನಗ ಗೊತ್ತಾಗೇತಿ. ಇನ್ನ ಮ್ಯಾಲ ಬರೋ ಮಕ್ಕಳನ್ನ ನೋಡು."

ಆಕೆ ನೋಡಿದಳು. ನಾಹೀದಾ ಮೇಡಂ ಒಂದು ರಬ್ಬರಿನ ಪಾದವನ್ನು ಕೊಟ್ಟು ಕಳಿಸಿದ್ದರು. ಶಹನಾಜ ಅದಕ್ಕೆ ದಿನಾ ಎರಡು ಸಲ ಪ್ಲಾಸ್ಟರ್ ಹಾಕಿ, ಒಣಗಿದ ಮೇಲೆ ಒಡೆದು, ಮತ್ತೆ ಹಾಕಿದಳು. ಗಂಡ ಜಿಲಾನಸಾಬ ಊಟಕ್ಕೆ ಕೂತಾಗಲೂ ಆ ಪಾದ ತಾಟಿನ ಪಕ್ಕದಲ್ಲೇ ಇರುತ್ತಿತ್ತು. "ಇದಕ್ಕೂ ಒಂದ ರೊಟ್ಟಿ ಹಾಕು" ಎಂದು ಆತ ನಗುತ್ತಿದ್ದ.

ಎರಡು ತಿಂಗಳಿಗೆ ಮೊದಲ ಮಗು ಬಂತು. ವಿರೂಪಾಪುರಗಡ್ಡೆಯ ಯಮನೂರಮ್ಮ, ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳು, ಇಪ್ಪತ್ತು ದಿನದ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅತ್ತೆಯ ಜೊತೆ ಬಂದಳು. ಕೂಸಿನ ಹೆಸರು ಗಾಳೆಮ್ಮ. ಎರಡೂ ಪಾದಗಳು ಒಳಮುಖವಾಗಿ, ಅಂಗಾಲು ಒಂದನ್ನೊಂದು ನೋಡುವ ಹಾಗೆ ತಿರುಚಿದ್ದವು.

"ನಡೀತಾಳೇನ್ರಿ?" ಎಂದು ಯಮನೂರಮ್ಮ ಕೇಳಿದಳು.

"ನಡಸೋಣು. ಆದ್ರ ವಾರಕ್ಕೊಮ್ಮಿ ತಪ್ಪದ ಬರಬೇಕ ನೋಡವ್ವ. ನಾಟಿ ಇರಲಿ, ಕೊಯ್ಲಿರಲಿ."

ಮೊದಲ ಎರಡು ಪ್ಲಾಸ್ಟರ್ ಚೆನ್ನಾಗಿಯೇ ಕೂತವು. ಮೂರನೆಯದು ಹಾಕಿದ ಮೂರನೇ ದಿನಕ್ಕೆ ಯಮನೂರಮ್ಮ ಗಾಬರಿಯಿಂದ ಓಡಿಬಂದಳು. "ಕೂಸಿನ ಬಟ್ಟ ಒಳಗ ಹೋಗ್ಯಾವ್ರೀ, ಕಾಣವಲ್ಲವು!" ಪ್ಲಾಸ್ಟರ್ ಕಾಲ್ಬೆರಳುಗಳನ್ನು ಮುಚ್ಚುವಷ್ಟು ಕೆಳಕ್ಕೆ ಜಾರಿತ್ತು. ಶಹನಾಜ ತಕ್ಷಣ ನೆನೆಸಿ ಬಿಚ್ಚಿದಳು. ಕಾಲು ಕೆಂಪಾಗಿತ್ತು, ಗಾಯವಾಗಿರಲಿಲ್ಲ. ನಾಹೀದಾ ಮೇಡಂಗೆ ಫೋನಿನಲ್ಲಿ ತೋರಿಸಿದಳು. ಅವರು ಬೈಯಲಿಲ್ಲ. ಕಾಲಿನಿಂದ ತೆಗೆದ ಪ್ಲಾಸ್ಟರನ್ನು ತಿರುಗಿಸಿ ತಿರುಗಿಸಿ ತೋರಿಸಲು ಹೇಳಿ, ನೋಡಿ ಹೇಳಿದರು. "ಹತ್ತಿ ಜಾಸ್ತಿ ಸುತ್ತೀರಿ. ಮೊಣಕಾಲು ಪೂರಾ ಮಡಚಿಲ್ಲ. ಕುರ್ಚಿ ಮ್ಯಾಲ ಕುಂತ್ಹಂಗ ಮಡಚಿರಬೇಕು, ಅಂದ್ರ ಜಾರೂದಿಲ್ಲ."

ಅಂದೇ ಮತ್ತೆ ಹಾಕಿದಳು. ತೆಳುವಾದ ಹತ್ತಿ, ಮಡಚಿದ ಮೊಣಕಾಲು, ತೊಡೆಯ ಸಂದಿಯವರೆಗೆ ಪಟ್ಟಿ. ಅದು ಜಾರಲಿಲ್ಲ. ಆರನೆಯ ಪ್ಲಾಸ್ಟರ್ ಬಿಚ್ಚಿದಾಗ ಪಾದಗಳು ಹೊರಕ್ಕೆ ಅರಳಿ ನಿಂತಿದ್ದವು. ಅಂದಪ್ಪ ಡಾಕ್ಟರು ಹಿಮ್ಮಡಿಯ ಹಿಂದಿನ ಬಿಗಿದ ಸ್ನಾಯುವಿನ ಹುರಿಯನ್ನು ಸಣ್ಣದಾಗಿ ಕೊಯ್ದು ಸಡಿಲಿಸಿದರು. ಮೂರು ವಾರಕ್ಕೆ ಕೊನೆಯ ಪ್ಲಾಸ್ಟರೂ ಬಂತು, ಹೋಯಿತು. ಇನ್ನು ಉಳಿದದ್ದು ಕಬ್ಬಿಣದ ಪಟ್ಟಿಗೆ ಜೋಡಿಸಿದ ಎರಡು ಬೂಟು. ಮೊದಲ ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ ನಾಲ್ಕು ವರ್ಷದವರೆಗೆ ಮಲಗುವಾಗ.

ಕಷ್ಟ ಬಂದದ್ದು ಇಲ್ಲಿಯೇ. ಎಂಟು ತಿಂಗಳ ಹೊತ್ತಿಗೆ ಗಾಳೆಮ್ಮನ ಎಡಪಾದ ಮತ್ತೆ ಒಳಕ್ಕೆ ವಾಲತೊಡಗಿತು. ಕೇಳಿದರೆ ಯಮನೂರಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆಯೇ ಬಾಯಿಬಿಟ್ಟಳು. "ನಾನ ಬಿಚ್ಚೀನ್ರಿ. ಕೂಸು ಅಳತೈತಿ. ಕೈದಿಗೆ ಬೇಡಿ ಹಾಕಿದಂಗ ಹಾಕೀರಿ, ನನಗ ನೋಡಾಕಾಗವಲ್ದು."

ಶಹನಾಜ ಜಗಳ ತೆಗೆಯಲಿಲ್ಲ. ಕೂಸನ್ನು ಅಜ್ಜಿಯ ಮಡಿಲಲ್ಲೇ ಮಲಗಿಸಿ, ಬೂಟುಗಳನ್ನು ಅಜ್ಜಿಯ ಕೈಗೇ ಕೊಟ್ಟಳು. "ನೀನ ಹಾಕು ಆಯಿ. ಹಿಮ್ಮಡಿ ಕೆಳಗ ಕುಂತೈತಿಲ್ಲ ನೋಡು. ಈಗ ಎರಡೂ ಕಾಲು ಕೂಡಿಸಿ ಒದಿಸು. ಹಾಂ, ಹಂಗ." ನಾಲ್ಕಾರು ಸಲ ಅಜ್ಜಿ ಎರಡೂ ಕಾಲನ್ನು ಒಟ್ಟಿಗೆ ಮಡಚಿ ಬಿಟ್ಟಳು. ಬೂಟು ಬಿಗಿದ ಮಗುವಿಗೆ ಕಾಲುಗಳನ್ನು ಬೇರೆ ಬೇರೆಯಾಗಿ ಒದೆಯಲು ಆಗದೆ ಸಿಟ್ಟು ಬರುತ್ತದೆ. ಎರಡನ್ನೂ ಒಟ್ಟಿಗೆ ಒದೆಯುವುದು ತಿಳಿದರೆ ಅದೇ ಆಟ. ಗಾಳೆಮ್ಮ ಅಳು ನಿಲ್ಲಿಸಿ, ಕಬ್ಬಿಣದ ಪಟ್ಟಿಯನ್ನು ಅಜ್ಜಿಯ ಹೊಟ್ಟೆಗೆ ಟಪ್ಪನೆ ಬಡಿದು ನಕ್ಕಳು.

ಅಂದಿನಿಂದ ಬೂಟಿನ ಉಸ್ತುವಾರಿ ಅಜ್ಜಿಯದೇ ಆಯಿತು. ಮಗುವನ್ನು ಎತ್ತಿಕೊಳ್ಳಲು ಬಂದ ನೆಂಟರಿಗೆ ಬೂಟು ಬಿಚ್ಚಲು ಅವಳು ಬಿಡುತ್ತಿರಲಿಲ್ಲ. ಇನ್ನೆರಡು ಪ್ಲಾಸ್ಟರಿಗೆ ಎಡಪಾದ ಮರಳಿ ದಾರಿಗೆ ಬಂತು. ಒಂದೂಕಾಲು ವರ್ಷಕ್ಕೆ ಗಾಳೆಮ್ಮ ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಒಬ್ಬಳೇ ಹತ್ತು ಹೆಜ್ಜೆ ಇಟ್ಟಳು. ಶಹನಾಜ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ಎರಡೂ ಕೈಗೆ ಸುಣ್ಣ ಮೆತ್ತಿದಂತೆ ಪ್ಲಾಸ್ಟರ್ ಮೆತ್ತಿತ್ತು. ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಆಮೇಲೆ ಮಕ್ಕಳು ಬರುತ್ತಲೇ ಹೋದವು. ಯಮನೂರಮ್ಮನೇ ಎರಡು ಮಕ್ಕಳನ್ನು ಹುಡುಕಿ ಕಳಿಸಿದಳು. ಕಳೆದ ವರ್ಷದ ಕೊನೆಗೆ ಅರವತ್ತೊಂದು.

ಕಳೆದ ಡಿಸೆಂಬರಿನಲ್ಲಿ ಕೊಪ್ಪಳದಲ್ಲಿ ಮತ್ತೆ ನಡೆಯಲಿದ್ದ ಎಲುಬಿನ ಡಾಕ್ಟರುಗಳ ಅಂಥದ್ದೇ ಸಭೆಯ ಕಾರ್ಯಕ್ರಮದ ಪಟ್ಟಿ ಅಚ್ಚಾಗಿ ಬಂತು. ಹತ್ತು ಹೆಸರುಗಳ ನಡುವೆ ಒಂಬತ್ತಕ್ಕೆ ಡಾಕ್ಟರ್ ಎಂದಿತ್ತು. ಹತ್ತನೆಯದು: 'ಪ್ರಾತ್ಯಕ್ಷಿಕೆ, ಶಹನಾಜಬೇಗಂ, ಪ್ಲಾಸ್ಟರ್ ತಂತ್ರಜ್ಞೆ, ಗಂಗಾವತಿ'. ಹೆಸರು ಸೂಚಿಸಿದವರು ನಾಹೀದಾ ಮೇಡಂ. ಶಹನಾಜ "ನನಗ ಇಂಗ್ಲಿಷ್ ಬರೂದಿಲ್ಲಲ್ರಿ" ಎಂದಳು. "ನನಗ ನಿಮ್ಮ ಕೈ ಬೇಕು" ಎಂದರು ಅವರು. ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಾಜೀದ ರಜೆ ಹಾಕಿ, ದೊಡ್ಡಮ್ಮನನ್ನು ತಾನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋದ.

ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ನಲವತ್ತು ಮಂದಿ ಡಾಕ್ಟರುಗಳು. ಮೇಜಿನ ಮೇಲೆ ಮೂರು ವಾರದ ನಿಜವಾದ ಕೂಸು, ತಾಯಿ ಪಕ್ಕದಲ್ಲಿ ಹಾಲು ಕುಡಿಸುತ್ತಿದ್ದಳು. ಶಹನಾಜ ತನ್ನ ಕನ್ನಡದಲ್ಲೇ ಹೇಳುತ್ತಾ ಹೋದಳು. "ಹಾಲು ಕುಡಿಯೂವಾಗ ಹಾಕ್ರಿ, ಕೂಸು ಸಡಲ ಇರತೈತಿ. ಜೋರ ಮಾಡಬ್ಯಾಡ್ರಿ. ಕೂಸಿಗೆ ನೋವಾತಂದ್ರ ನೀವು ತಪ್ಪ ಮಾಡಾಕತ್ತೀರಿ ಅಂತ." ಕುಷ್ಟಗಿಯ ಯುವ ಸರ್ಜನ್ ಹನಮೇಶ ತಾನು ಪ್ರಯತ್ನಿಸುತ್ತೇನೆಂದು ಬಂದರು. ಅವರ ಹೆಬ್ಬೆರಳು ಎರಡು ಬೆರಳು ಮುಂದೆ ಹೋಯಿತು. ಆಕೆ ಅವರ ಕೈ ಹಿಡಿದು ಹಿಂದಕ್ಕೆ ಸರಿಸಿದಳು. "ಇಲ್ಲಿ ಸರ್. ನಾನೂ ಹದಿನಾರ ವರ್ಷ ಅಲ್ಲೇ ಒತ್ತೀನ್ರಿ."

ಹಿರಿಯ ವೈದ್ಯರೊಬ್ಬರು ಎದ್ದು ಕೇಳಿದರು. "ಎಲ್ಲಾ ಮಕ್ಕಳೂ ನೆಟ್ಟಗಾದ್ವೇನ್ರಿ?"

"ಇಲ್ಲ ಸರ್. ಅರವತ್ತೊಂದರಾಗ ಮೂರಕ್ಕ ದೊಡ್ಡ ಆಪರೇಶನ್ ಬೇಕಾತು. ಒಂದ ಮಗು ಅರ್ಧಕ್ಕ ಬಿಟ್ಟು ಹೋತು, ಎಲ್ಲಿ ಅದಾರ ಗೊತ್ತಾಗಲಿಲ್ಲ. ಇನ್ನೂ ಹುಡಕಾಕತ್ತೀನಿ. ಉಳದವು ನಡದಾವು, ಓಡ್ಯಾವು."

ಆ ಹಿರಿಯರು ಕೂರಲಿಲ್ಲ, ನಿಂತೇ ಚಪ್ಪಾಳೆ ತಟ್ಟಿದರು. ಉಳಿದವರು ಎದ್ದರು. ಶಹನಾಜ ಕೂಸಿನ ಪ್ಲಾಸ್ಟರ್ ಒಣಗಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡತೊಡಗಿದಳು. ಹಿಂದಿನ ಸಾಲಿನಲ್ಲಿ ಮಾಜೀದ ಫೋನು ಎತ್ತಿ ಹಿಡಿದು ಎಲ್ಲವನ್ನೂ ತನ್ನ ತಾಯಿಗೆ ತೋರಿಸುತ್ತಿದ್ದ.

ಊಟದ ನಂತರ ಆಕೆ ಮನೆಗೆ ಹೊರಡಲಿಲ್ಲ. ಅಂದಪ್ಪ ಡಾಕ್ಟರ ಪಕ್ಕದಲ್ಲಿ ನೋಟುಬುಕ್ಕು ತೆರೆದು ಕೂತಳು. ಮಧ್ಯಾಹ್ನದ ಪಾಠ ಮಕ್ಕಳ ಮಣಿಕಟ್ಟಿನದು. ಆಟವಾಡುತ್ತಾ ಬಿದ್ದು ಎಲುಬು ಪೂರ್ತಿ ಮುರಿಯದೆ ಬರೀ ಒಂದು ಕಡೆ ಉಬ್ಬಿದ್ದರೆ ಪ್ಲಾಸ್ಟರೇ ಬೇಡ, ಮೆತ್ತನೆಯ ಬ್ಯಾಂಡೇಜ್ ಸಾಕು, ಅಷ್ಟೇ ಚೆನ್ನಾಗಿ ಕೂಡುತ್ತದೆ ಎಂದು ಹೊಸ ಅಧ್ಯಯನ ಹೇಳುತ್ತದಂತೆ.

ಅಂದಪ್ಪ ಡಾಕ್ಟರು ಮೆಲ್ಲಗೆ ಕೆಣಕಿದರು. "ಏನವಾ, ನಿನ್ನ ಕೆಲಸಾನ ಹೋತಲ್ಲ!"

"ಹೋಗವಲ್ದ್ಯಾಕ ಬಿಡ್ರಿ. ಮಕ್ಕಳು ಛಲೋತ್ನಂಗ ಜಳಕಾನರ ಮಾಡತಾವು" ಎನ್ನುತ್ತಾ ಶಹನಾಜ ಪಾಠವನ್ನು ಬರೆದುಕೊಂಡಳು.

ಮರುದಿನ ಸೋಮವಾರ ಬೆಳಿಗ್ಗೆಯೇ ಜಾರುಬಂಡಿಯಿಂದ ಬಿದ್ದ ಆರು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಎಕ್ಸ್‌ರೇ ನೋಡಿ ಅಂದಪ್ಪ ಡಾಕ್ಟರು ಬ್ಯಾಂಡೇಜ್ ಎಂದು ಬರೆದರು. ತಂದೆಗೆ ಸಮಾಧಾನವಿಲ್ಲ. "ಏನ್ರಿ ಇದು, ಪ್ಲಾಸ್ಟರ್ ಹಾಕ್ರಿ ಗಟ್ಟಿಯಾಗಿ!" ಶಹನಾಜ ಆತನಿಗೆ ಕುರ್ಚಿ ತೋರಿಸಿ, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಬ್ಬಿದ ಜಾಗದ ಮೇಲೆ ಬೆರಳಿಟ್ಟು ವಿವರಿಸತೊಡಗಿದಳು.